ಬಾಬೂನಾ ಹೂವಿಗೆ ಕೋಟು ತೊಡಿಸಿದ ಡಾಕ್ಟರ ಸಾಹೇಬರಿಗೆ

ತೇರದಾಳದ ಹತ್ತಿರದ ನಮ್ಮೂರಿನಿಂದ,
ತಾರೀಖು ೯ ಫೆಬ್ರುವರಿ ೧೯೩೮

ಸಂಸ್ಥಾನದ ದವಾಖಾನೆಯ ಸುಣ್ಣ ಬಳಿದ ಗೋಡೆಗಳಿಗೂ, ಹಸಿರು ಬಣ್ಣದ ಬಾಗಿಲಿಗೂ, ಬಾಗಿಲ ಮೇಲಿನ ಇಂಗ್ಲಿಷ್ ಫಲಕಕ್ಕೂ ಏಕಮಾತ್ರ ಅಧಿಪತಿಗಳಾದ, ಪುಣೆಯಲ್ಲಿ ಓದಿ ಮುಂಬಯಿಯಲ್ಲಿ ಪಳಗಿ ನಮ್ಮ ಪುಣ್ಯವಶಾತ್ ಈ ಧೂಳಿನ ಊರಿಗೆ ದಯಮಾಡಿಸಿರುವ ಮಾನ್ಯ ಡಾಕ್ಟರ ಸಾಹೇಬರೇ, ಇದೇ ಊರ ಕನ್ನಡ ಸಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳ ಕಿವಿ ಹಿಂಡಿ ಈಗ ನಿವೃತ್ತನಾಗಿರುವ ಪಾರಿಸಪ್ಪ ಮಾಸ್ತರನು ಎರಡೂ ಕೈ ಜೋಡಿಸಿ, ಬಾಗುವಷ್ಟು ಬೆನ್ನು ಬಾಗಿಸಿ ಮಾಡುವ ಅರಿಕೆ.

ಕಳೆದ ಶನಿವಾರ ತಾವು ಸಿಪಾಯಿಯ ಕೈಯಲ್ಲಿ ಮರಾಠಿಯ ಒಂದು ವರದಿಯನ್ನು ಕಳಿಸಿ, ಅದನ್ನು ಕನ್ನಡಕ್ಕಿಳಿಸಿ ಚೊಕ್ಕ ಅಕ್ಷರದಲ್ಲಿ ಬರೆದುಕೊಡಬೇಕೆಂದು ಅಪ್ಪಣೆ ಮಾಡಿದ್ದಿರಿ. ಅಪ್ಪಣೆಯಂತೆ ಕೂತೆ, ಟಾಕಿಗೆ ಮಸಿ ಅದ್ದಿದೆ, ಮೊದಲನೆಯ ಸಾಲನ್ನು ಓದಿದೆ, ಎದ್ದೆ. ಆ ವರದಿಯನ್ನು ಬರೆಯಲಾರದೆ ಅದರ ಬದಲಿಗೆ ಈ ಪತ್ರ ಬರೆದಿದ್ದೇನೆ. ಇದರ ಒಂದು ಪ್ರತಿ ತಮಗೆ, ಒಂದು ಪ್ರತಿ ಚಾವಡಿಯ ಗೋಡೆಗೆ. ಗೋಡೆಗೆ ಯಾಕೆ ಎಂದರೆ, ಆ ಗೋಡೆಯ ಮೇಲೆ ನಾನು ಮೊದಲೇ ಒಂದು ತಪ್ಪು ಬರೆದಿದ್ದೇನೆ.

ತಾವು ಈ ಊರಿಗೆ ಮಾಡಿದ ಉಪಕಾರವನ್ನು ಮೊದಲು ಹೇಳದಿದ್ದರೆ ನಾನು ಕೃತಘ್ನನಾದೇನು. ತಾವು ಬಂದ ವರ್ಷವೇ ಮಕ್ಕಳಿಗೆಲ್ಲ ಸಿಡುಬಿನ ಚುಚ್ಚುಮದ್ದು ಹಾಕಿಸಿದಿರಿ. ಕುರಿ ಕಾಯುವ ಅಮಸಿದ್ದಪ್ಪ ಬಾವಿಯ ಕಟ್ಟೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಅದನ್ನು ಕೂಡಿಸಿ ಕಟ್ಟಿದಿರಿ, ಇಂದು ಆತ ಕುರಿಗಳಿಗಿಂತ ಮುಂದೆ ನಡೆಯುತ್ತಾನೆ. ಈ ಎರಡು ಮಾತುಗಳನ್ನು ನಾನು ಯಾವ ವ್ಯಂಗ್ಯವೂ ಇಲ್ಲದೆ ಬರೆದಿದ್ದೇನೆ. ಪತ್ರದಲ್ಲಿ ಅಂಥವು ಹೆಚ್ಚು ಸಿಗಲಿಕ್ಕಿಲ್ಲ, ಆದ್ದರಿಂದ ತಾವು ಇಲ್ಲೇ ಒಂದು ಗಳಿಗೆ ನಿಂತು ಇನ್ನೊಮ್ಮೆ ಓದಿಕೊಳ್ಳಬಹುದು.

ಇನ್ನು ಗುರುಬಾಯಿ. ಆಕೆ ಯಾರೆಂಬುದು ತಮಗೆ ತಿಳಿದಿರಲಾರದು, ಏಕೆಂದರೆ ತಾವು ಆಕೆಯ ಕೆಲಸಕ್ಕೆ ಬಂದಿ ಹಾಕಿದ್ದೀರೇ ಹೊರತು ಆಕೆಯನ್ನು ಕಂಡಿಲ್ಲ. ಅರವತ್ತು ದಾಟಿದ ಸೂಲಗಿತ್ತಿ. ಈ ಊರಿನ ಅರ್ಧ ಜನ ಲೋಕಕ್ಕೆ ಬಂದು ಮೊದಲು ನೋಡಿದ ಮುಖ ಅವ್ವನದಲ್ಲ, ಆಕೆಯದು. ಆಕೆಯ ಹೆಗಲಿಗೊಂದು ಅರಿವೆಯ ಚೀಲ, ಚೀಲದೊಳಗೆ ಬಾಬೂನಾ ಎಂಬ ಒಣ ಹೂವು. ಜಮಖಂಡಿಯ ಪೇಟೆಯಲ್ಲಿ ಹಕೀಮರೊಬ್ಬರ ಅಂಗಡಿಯಿಂದ ವರ್ಷಕ್ಕೆ ಎರಡು ಸಲ ತರುತ್ತಾಳೆ. ಕಡಲೆಕಾಳಿನಷ್ಟು ಹಳದಿ ತಲೆ, ಸುತ್ತಲೂ ಮುದುಡಿದ ಬಿಳಿ ದಳ, ಮೂಗಿಗೆ ಹಿಡಿದರೆ ಹುಲ್ಲಿನ ಬಣವೆಯೊಳಗೆ ಯಾರೋ ಪೇರಲ ಹಣ್ಣು ಬಚ್ಚಿಟ್ಟ ಹಾಗೆ ವಾಸನೆ. ಹೊಟ್ಟೆ ಉಬ್ಬರಿಸಿ ಅಳುವ ಕೂಸಿಗೆ ಕುದಿಸಿ ಸೋಸಿ ಆರಿಸಿದ ನೀರು ಎರಡು ಚಮಚ. ಬಾಣಂತಿಯ ಸೊಂಟಕ್ಕೆ ಅದನ್ನೇ ಎಳ್ಳೆಣ್ಣೆಯಲ್ಲಿ ಕಾಸಿ ತಿಕ್ಕುವುದು. ಹೆಣ್ಣುಮಕ್ಕಳ ತಿಂಗಳ ನೋವಿಗೆ ಬೆಲ್ಲ ಹಾಕಿ ಬಿಸಿಬಿಸಿ ಕುಡಿಸುವುದು, ನೆಗಡಿಗೆ ಹಬೆ, ಕಣ್ಣು ಕೆಂಪಾದರೆ ಅದೇ ನೀರಿನಲ್ಲಿ ಅದ್ದಿದ ಅರಿವೆ, ಹಲ್ಲು ನೋವಿಗೆ ಬಾಯಿ ಮುಕ್ಕಳಿಸುವುದು. ನಿವೃತ್ತಿಯಾದ ಮೇಲೆ ಸಾಲೆಯ ಗಂಟೆ ನನ್ನ ತಲೆಯೊಳಗೇ ಬಡಿದುಕೊಳ್ಳಹತ್ತಿ ನಿದ್ದೆ ಹಾರಿಹೋದಾಗ, ನನ್ನ ಮನೆಯವಳಾದ ಅಕ್ಕಮ್ಮ ದಿನಾಲು ಹೊತ್ತು ಮುಳುಗುವ ಮುಂಚೆ ನನಗೆ ಆ ಹೂವಿನ ಕಷಾಯ ಒಂದು ಬಟ್ಟಲು ಕುಡಿಸಿ, ಎಂಟು ದಿನಕ್ಕೆ ನನ್ನನ್ನು ಗೊರಕೆ ಹೊಡೆಯುವ ಮನುಷ್ಯನನ್ನಾಗಿ ಮಾಡಿದಳು. ಈಗ ನಿದ್ದೆ ಇಲ್ಲದಿರುವುದು ಅಕ್ಕಮ್ಮನಿಗೆ.

ಇಷ್ಟೆಲ್ಲ ಮಾಡುವ ಹೂವಿನ ಬಗ್ಗೆ ಗುರುಬಾಯಿ ಸ್ವತಃ ಹೇಳುವುದು ಒಂದೇ ಮಾತು: “ಹೂ ಐತಿ ಅಷ್ಟರಿ, ದೇವರಲ್ಲ.” ಈ ಮಾತನ್ನು ತಾವು ತಮ್ಮ ಡಬ್ಬಿಗಳ ಮೇಲೆ ಅಚ್ಚು ಹಾಕಿಸಿದರೆ ವೈದ್ಯಶಾಸ್ತ್ರಕ್ಕೆ ದೊಡ್ಡ ಲಾಭ.

ದೀಪಾವಳಿಯ ನಂತರ ತಾವು ನನ್ನನ್ನು ಕರೆಸಿ ಒಂದು ಜಾಹೀರನಾಮೆಯನ್ನು ಕನ್ನಡದಲ್ಲಿ ಬರೆಯಲು ಹೇಳಿದಿರಿ. ತಮ್ಮ ಮರಾಠಿ ಸರಳವಾಗಿತ್ತು. ಪರವಾನಗಿ ಇಲ್ಲದ ಹೆಂಗಸರು ಔಷಧ ಕೊಡಬಾರದು, ರೋಗಿಗಳನ್ನು ಮುಟ್ಟಬಾರದು, ಮಾಡಿದರೆ ಶಿಕ್ಷೆ. ಅಷ್ಟರಲ್ಲೇ ಬಿಟ್ಟಿದ್ದರೆ ನನ್ನ ಪಾಪ ಅರ್ಧವಾಗುತ್ತಿತ್ತು. ಆದರೆ ಮೂವತ್ತೊಂದು ವರ್ಷ ಬಾಲಬೋಧೆಯನ್ನೇ ಬರೆಯಿಸಿದ ಕೈಗೆ ಒಮ್ಮೆಯಾದರೂ ಸರಕಾರದ ಪರವಾಗಿ ಗರ್ಜಿಸುವ ಆಸೆ ಇತ್ತು. “ಅಜ್ಞಾನವೆಂಬ ಕತ್ತಲೆಯಲ್ಲಿ ಮುಳುಗಿ, ಕಸಕಡ್ಡಿಗಳನ್ನು ಕುದಿಸಿ, ಕಂದಮ್ಮಗಳ ಪ್ರಾಣದೊಡನೆ ಚೆಲ್ಲಾಟವಾಡುವ ನಿರಕ್ಷರ ಸ್ತ್ರೀಯರು” ಎಂದು ಬರೆದೆ. ತಾವು ನನ್ನ ಬೆನ್ನು ತಟ್ಟಿ, “ವ್ಹಾ ಮಾಸ್ತರ!” ಎಂದಿರಿ. ಸಿಪಾಯಿ ಅದನ್ನು ಚಾವಡಿಗೆ ಅಂಟಿಸಿ, ಮರಳುವ ದಾರಿಯಲ್ಲಿ ಗುರುಬಾಯಿಯ ಚೀಲವನ್ನು ಕಸಿದುಕೊಂಡು ಬಂದು ದವಾಖಾನೆಯ ಗೂಟಕ್ಕೆ ತೂಗುಹಾಕಿದ.

ಮರುದಿನ ಮುಂಜಾನೆ ನಾನು ನನ್ನ ಅಕ್ಷರಗಳನ್ನು ನೋಡಿ ಸಂತೋಷಪಡಲು ಚಾವಡಿಗೆ ಹೋದಾಗ ಗುರುಬಾಯಿ ಅಲ್ಲಿ ನಿಂತಿದ್ದಳು.

“ಏನ ಬರದಾರ್ರಿ ಮಾಸ್ತರ್ರ? ಎಲ್ಲಾರೂ ನನ್ನ ಮಾರಿ ನೋಡಾಕತ್ತಾರ” ಎಂದಳು.

ಓದಿ ಹೇಳಿದೆ. ಕಂದಮ್ಮಗಳ ಪ್ರಾಣದ ಹತ್ತಿರ ಬಂದಾಗ ಅವಸರದಿಂದ ಓದಿ ಮುಂದೆ ಸಾಗಿದೆ, ಏಕೆಂದರೆ ನನ್ನ ಸ್ವಂತ ಮೂವರು ಕಂದಮ್ಮಗಳನ್ನು ಈ ಲೋಕಕ್ಕೆ ಎಳೆದು ತಂದ ಕೈಗಳು ನನ್ನೆದುರೇ ಸೆರಗಿನ ತುದಿಯನ್ನು ಸುತ್ತುತ್ತಿದ್ದವು.

“ಬರದವ್ರು ಯಾರ್ರಿ?”

“ಸರಕಾರ” ಎಂದೆ.

ಆಕೆ ಗೋಡೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದಳು. “ಮುಧೋಳದಾಗಿರೂ ನನ್ನ ಮಗಳಿಗಿ ನೀವು ಕಾಗದ ಬರಕೊಡ್ತಿದ್ರೆಲ್ಲಾ, ಸರಕಾರದ ಅಕ್ಷರ ಥೇಟ್ ಹಂಗ ಅದಾವ್ರಿ” ಎಂದು ಹೇಳಿ, ಬೈಯದೆ, ಅಳದೆ, ಮನೆಯ ಕಡೆ ನಡೆದಳು. ನಿರಕ್ಷರ ಸ್ತ್ರೀಯರು ಅಕ್ಷರವನ್ನು ಗುರುತಿಸಲಾರರೆಂದು ನಂಬಿದ ನನ್ನ ಅಜ್ಞಾನಕ್ಕೆ ತಮ್ಮ ದವಾಖಾನೆಯಲ್ಲಿ ಬಾಟಲಿ ಇದ್ದರೆ ಕಳಿಸಿಕೊಡಬೇಕು.

ಆಮೇಲೆ ನನ್ನ ಮನೆಯಲ್ಲೇ ಕಥೆ ಶುರುವಾಯಿತು. ಬಾಣಂತನಕ್ಕೆ ಬಂದಿದ್ದ ಮಗಳು ಸುಮನಳ ಎರಡು ತಿಂಗಳ ಕೂಸಿಗೆ ದಿನಾಲು ಸಂಜೆ ಹೊಟ್ಟೆ ಉಬ್ಬರಿಸಿ, ಮುಷ್ಟಿ ಬಿಗಿದು, ಓಣಿಯೆಲ್ಲ ಕೇಳುವಂತೆ ಅಳು. “ಎರಡ ಹೆಜ್ಜಿ ಮ್ಯಾಲ ಗುರುಬಾಯಿ ಮನಿ ಐತಿ, ಕರೀರಿ” ಎಂದಳು ಅಕ್ಕಮ್ಮ. ಜಾಹೀರನಾಮೆ ಇದೆ ಎಂದೆ. “ಕೂಸಿಗಿ ಅದನ್ನ ಓದಾಕ ಬರತೈತೇನ್ರಿ?” ಎಂದು ಆಕೆ ಕೇಳಿದಳು. ನಾನು ಕೂಸನ್ನೆತ್ತಿಕೊಂಡು ತಮ್ಮಲ್ಲಿಗೆ ಬಂದೆ. ತಾವು ಮೇಜಿನ ಆ ಬದಿಗೆ ಕೂತುಕೊಂಡೇ ಕೂಸಿನ ಅಳುವನ್ನು ಪರೀಕ್ಷಿಸಿ, ಕಂಪೌಂಡರ ತುಕಾರಾಮನಿಗೆ “ಮೂರನೇ ಬಾಟ್ಲಿ” ಎಂದಿರಿ. ತಮ್ಮ ವ್ಯವಸ್ಥೆಯನ್ನು ಊರೆಲ್ಲ ಬಲ್ಲದು. ಒಂದನೆಯದು ಜ್ವರಕ್ಕೆ, ಎರಡನೆಯದು ಕೆಮ್ಮಿಗೆ, ಮೂರನೆಯದು ಹೊಟ್ಟೆಗೆ. ದೇವರು ಮನುಷ್ಯನಿಗೆ ಮೂರೇ ರೋಗ ಕೊಟ್ಟಿದ್ದರೆ ತಮ್ಮಷ್ಟು ದೊಡ್ಡ ಧನ್ವಂತರಿ ಬೇರೆ ಇರುತ್ತಿರಲಿಲ್ಲ.

“ಕ್ಯಾಮೊಮೈಲ್, ಮಾಸ್ತರ. ವಿಲಾಯತಿ ಹೂ. ಮುಂಬಯಿಂದ ಡಬ್ಬಿ ತರಿಸೇನಿ” ಎಂದು ತಾವು ಹೇಳಿದ್ದನ್ನು ನಾನು ಮನೆಗೆ ಬರುವವರೆಗೆ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಕೂಸು ಗುಣವಾಯಿತು. ಅಕ್ಕಮ್ಮ ಮಾತ್ರ ಬಾಟಲಿಯ ಬಿರಡೆ ತೆಗೆದು ಮೂಗಿಗೆ ಹಿಡಿದು, “ಇದು ಗುರುಬಾಯಿ ನೀರ ಅಲ್ಲೇನ್ರಿ?” ಎಂದಳು. ಆಕೆಗೆ ವಿಜ್ಞಾನದ ಮಹಿಮೆಯನ್ನು ಕುರಿತು ಅರ್ಧ ತಾಸು ಪಾಠ ಹೇಳಿದೆ. ಕೊನೆಯಲ್ಲಿ ಆಕೆ ಮತ್ತೊಮ್ಮೆ ಮೂಸಿ ನೋಡಿ, “ಹೌದು, ಅದ” ಎಂದಳು.

ಸಂಶಯ ಕೆಟ್ಟದ್ದು. ಮರುದಿನ ತುಕಾರಾಮನನ್ನು ಪುಸಲಾಯಿಸಿ ಡಬ್ಬಿಯೊಳಗಿನ ನಾಲ್ಕು ಹೂಗಳನ್ನು ಕಾಗದದಲ್ಲಿ ಮಡಚಿಸಿಕೊಂಡು ಗುರುಬಾಯಿಯ ಮನೆಗೆ ಹೋದೆ. ಎಲ್ಲಿಯದೆಂದು ಹೇಳದೆ ಮುಂದೆ ಹಿಡಿದೆ. ಆಕೆ ಒಂದು ಹೂವನ್ನೆತ್ತಿ ಉಗುರಿನಿಂದ ನಡುವೆ ಸೀಳಿ ಬೆಳಕಿಗೆ ಹಿಡಿದಳು. “ನೋಡ್ರಿ, ಒಳಗ ಪೊಳ್ಳು ಐತಿ. ಗಟ್ಟಿ ಇದ್ರ ಬ್ಯಾರೆ ಹೂ, ಪೊಳ್ಳು ಇದ್ರ ನಮ್ಮ ಬಾಬೂನಾ.” ಆಮೇಲೆ ಮೂಸಿ ನೋಡಿ ಮುಖ ಕಿವುಚಿದಳು. “ಭಾಳ ಹಳೇದು. ವಾಸನಿ ಸತ್ತೈತಿ. ಇಂಥದ್ದಾದ್ರ ಎರಡ ಹೂ ಹೆಚ್ಚ ಹಾಕ್ಬೇಕು. ಯಾರ ಕೊಟ್ರು ನಿಮಗಿದನ್ನ? ಮೋಸ ಮಾಡ್ಯಾರ.”

ಅಲ್ಲಿಂದ ನೇರವಾಗಿ ತಮ್ಮಲ್ಲಿಗೆ ಬಂದು, ಎರಡೂ ಒಂದೇ ಹೂವಂತೆ ಎಂದು ಬಿನ್ನವಿಸಿದಾಗ ತಾವು ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯೆ: “ಮಾಸ್ತರ, ಡಬ್ಬಿಯೊಳಗಿಂದು ಸೈನ್ಸ್. ಚೀಲದೊಳಗಿಂದು ಕಸ.” ಹೂವು ಕೋಟು ತೊಟ್ಟರೆ ಡಾಕ್ಟರಾಗುತ್ತದೆ, ಅರಿವೆ ಸುತ್ತಿಕೊಂಡರೆ ಅಪರಾಧಿಯಾಗುತ್ತದೆ ಎಂಬ ಈ ಸಿದ್ಧಾಂತವನ್ನು ಕಂಡುಹಿಡಿದ ತಮಗೆ ಯಾವ ಬಿರುದು ಕೊಟ್ಟರೂ ಸಾಲದು. ನಾನೂ ಆಗ ತಲೆಯಾಡಿಸಿ ಮನೆಗೆ ಬಂದೆ. ನನ್ನ ವಾಕ್ಯ ಗೋಡೆಯ ಮೇಲೇ ಉಳಿಯಿತು. ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರವನ್ನು ನಾನು ಬರೆಯುತ್ತಿರಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಜನವರಿಯ ಮೂರನೆಯ ವಾರ ತಾವು ಟೆನಿಸ್ ಪಂದ್ಯಕ್ಕೆಂದು ಪರಸ್ಥಳಕ್ಕೆ ಹೋಗಿದ್ದಿರಿ. ಆ ಸೋಮವಾರ ಅಮಸಿದ್ದಪ್ಪನ ಒಂಬತ್ತು ವರ್ಷದ ಮಗಳು ಸುಂದರವ್ವನಿಗೆ ಹೊಟ್ಟೆ ನೋವು ಶುರುವಾಯಿತು. ಅವರವ್ವ ಮಾಯವ್ವ ಹುಡುಗಿಯನ್ನು ದವಾಖಾನೆಗೆ ಕರೆತಂದಳು. ತುಕಾರಾಮ ಕೆಟ್ಟವನಲ್ಲ, ಅವನಿಗೆ ಹೇಳಿದ್ದು ಅಷ್ಟೇ: ಹೊಟ್ಟೆ ಎಂದರೆ ಮೂರನೇ ಬಾಟಲಿ. ಕೊಟ್ಟ. ಮಂಗಳವಾರ ಹುಡುಗಿ ವಾಂತಿ ಮಾಡಿಕೊಂಡಳು. ಮತ್ತೆ ಕೊಟ್ಟ. ಬುಧವಾರ ಮುಂಜಾನೆ ಮಾಯವ್ವ ಓಡಿ ಬಂದದ್ದು ದವಾಖಾನೆಗಲ್ಲ, ನನ್ನ ಮನೆಗೆ.

“ಮಾಸ್ತರ್ರ, ಗುರುಬಾಯಿ ಆಯಿ ಬಾಗಲಾ ತಗೀವಲ್ಲಳು. ಮುಟ್ಟಿದ್ರ ಜೇಲಿಗಿ ಹಾಕ್ತಾರಂತ ಗೋಡಿಮ್ಯಾಲ ಬರದೈತಂತ ಅಂತಾಳ. ಬರದವ್ರು ನೀವಂತ. ನೀವ ಬಂದು ಹೇಳ್ರಿ!”

ಸಾಹೇಬರೇ, ನಾನು ಬರೆದದ್ದನ್ನು ಯಾರೂ ಇಷ್ಟು ನಿಷ್ಠೆಯಿಂದ ಪಾಲಿಸಿದ್ದನ್ನು ನನ್ನ ಜೀವನದಲ್ಲಿ ಕಂಡಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಪಾಲಿಸಿರಲಿಲ್ಲ. ಕೊಡೆಯನ್ನೂ ಮರೆತು, ಬರಿಗಾಲಲ್ಲಿ ಓಡಿದೆ.

“ಗುರುಬಾಯಿ, ಬಾಗಲಾ ತಗೀರಿ. ಬರದಾವ ನಾನ. ಸರಕಾರಲ್ಲ, ನಾನ ಬರದೇನಿ. ಏನಾದ್ರೂ ಆದ್ರ ಮೊದಲ ನಾ ಜೇಲಿಗಿ ಹೋಗ್ತೇನಿ” ಎಂದೆ. ಆಮೇಲೆ ಅಗಳಿ ಸರಿಯಿತು.

ಅಮಸಿದ್ದಪ್ಪನ ಮನೆಯಲ್ಲಿ ಹುಡುಗಿ ಮೊಣಕಾಲನ್ನು ಎದೆಗೆ ಎಳೆದುಕೊಂಡು ಮಲಗಿದ್ದಳು. ಗುರುಬಾಯಿ ಪಕ್ಕದಲ್ಲಿ ಕೂತು, ಮೊದಲು ಏನೇನೋ ಮಾತಾಡಿಸುತ್ತ, ಎಷ್ಟು ಕುರಿ, ಯಾವ ಕುರಿಗೆ ಯಾವ ಹೆಸರು ಎಂದು ಕೇಳುತ್ತ, ಬೆರಳಿನ ತುದಿಯಿಂದ ಹೊಟ್ಟೆಯನ್ನು ಒಂದೊಂದು ಕಡೆ ಒತ್ತಿ ನೋಡಿದಳು. ಬಲಗಡೆ ಕೆಳಗೆ ಬೆರಳು ಬಂದಾಗ ಹುಡುಗಿ ಕಿರುಚಿದಳು. ಬೆರಳು ತೆಗೆದಾಗ ಇನ್ನೂ ಜೋರಾಗಿ ಕಿರುಚಿದಳು. ಮಾಯವ್ವ ಮನೆಯಲ್ಲಿ ಮೊದಲಿನಿಂದ ಉಳಿದಿದ್ದ ನಾಲ್ಕು ಬಾಬೂನಾ ಹೂ ಕುದಿಸಲೆಂದು ಒಲೆಯ ಕಡೆ ಹೊರಟಿದ್ದಳು.

“ಬ್ಯಾಡ ಬೇ, ಏನೂ ಕುದಸಬ್ಯಾಡ. ಇದು ಹೂವಿನ ಹೊಟ್ಟಿ ಅಲ್ಲ, ಕತ್ತಿ ಹೊಟ್ಟಿ. ಒಂದ ಗುಟುಕ ನೀರೂ ಹಾಕಬ್ಯಾಡ್ರಿ. ಹಳ್ಳಿ ಡಾಕ್ಟರ್ ಕೈಲಾಗೂದಲ್ಲ, ಮಿರಜಿಗಿ ಒಯ್ಯಬೇಕು, ಈಗಿಂದೀಗ” ಎಂದಳು ಗುರುಬಾಯಿ. ಇಡೀ ಊರು ಆಕೆಯ ಹೂವನ್ನು ಹೊಗಳುವುದನ್ನು ಕೇಳಿದ್ದೇನೆ. ಹೂವನ್ನು ಮುಟ್ಟಬೇಡಿರೆಂದು ಆಕೆ ಹೇಳಿದ ಆ ಗಳಿಗೆಯಲ್ಲಿ ಆಕೆಯ ವಿದ್ಯೆ ಏನೆಂಬುದು ನನಗೆ ಮೊದಲ ಸಲ ತಿಳಿಯಿತು.

ತೇರದಾಳದವರೆಗೆ ಚಕ್ಕಡಿ, ಅಲ್ಲಿಂದ ಕುಡಚಿಗೆ ಸರ್ವೀಸ್ ಮೋಟಾರು, ಕುಡಚಿಯಿಂದ ರೈಲು. ಹುಡುಗಿಯ ತಲೆ ಗುರುಬಾಯಿಯ ತೊಡೆಯ ಮೇಲೆ, ಕಾಲು ಮಾಯವ್ವನ ತೊಡೆಯ ಮೇಲೆ. ಅಮಸಿದ್ದಪ್ಪ ಬೀರೇಶ್ವರನನ್ನು ಕರೆಯುತ್ತಲೇ ಇದ್ದ, ನಾನು ಮನಸ್ಸಿನಲ್ಲೇ ಇಪ್ಪತ್ತನಾಲ್ಕೂ ತೀರ್ಥಂಕರರನ್ನು ಕರೆದೆ. ರೈಲು ಕೃಷ್ಣೆಯ ಸೇತುವೆ ದಾಟುವಾಗ ಸುಂದರವ್ವ ನೋವು ನಿಂತಿತೆಂದಳು. ನಾವೆಲ್ಲ ನಕ್ಕೆವು. ಗುರುಬಾಯಿ ಮಾತ್ರ ನಗದೆ ಹುಡುಗಿಯ ಹಣೆ ಮುಟ್ಟಿ, “ಇನ್ನ ಎಷ್ಟ ದೂರರಿ?” ಎಂದು ನನ್ನನ್ನು ಕೇಳಿದಳು. ನೋವು ನಿಂತದ್ದು ಒಳ್ಳೆಯ ಲಕ್ಷಣವಲ್ಲವೆಂದು ನಮಗೆ ಆಮೇಲೆ ಗೊತ್ತಾಯಿತು.

ಮಿರಜಿನ ದೊಡ್ಡ ದವಾಖಾನೆಯ ಸರ್ಜನ್ನರು ಹುಡುಗಿಯನ್ನು ಒಂದು ನೋಟ ನೋಡಿ ಒಳಗೆ ಒಯ್ದರು. ಎರಡು ತಾಸಿನ ಮೇಲೆ ಹೊರಗೆ ಬಂದು, ಕರುಳಿನ ಬಾಲ ಕೊಳೆತು ಒಡೆದಿತ್ತು, ತೊಳೆದು ಹೊಲಿದಿದ್ದೇನೆ, ಹುಡುಗಿ ಉಳಿದಾಳು, ಇನ್ನು ಅರ್ಧ ದಿನ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಮರಾಠಿಯಲ್ಲಿ ಹೇಳಿದರು. ಮಾಯವ್ವನಿಗೆ ಮರಾಠಿ ಬಾರದು. ನಾನು ಕನ್ನಡ ಮಾಡಿ ಹೇಳಿದೆ. ನಾನು ಈವರೆಗೆ ಮಾಡಿದ ತರ್ಜುಮೆಗಳಲ್ಲಿ ಅದೊಂದೇ ಸರಿಯಾದದ್ದು. ಹೊಟ್ಟೆ ನೋಡಿ ಕಳಿಸಿದವರು ಯಾರು, ಏನು ಔಷಧ ಕೊಟ್ಟಿದ್ದರು ಎಂದು ಸರ್ಜನ್ನರು ಕೇಳಿದರು. ಗುರುಬಾಯಿ ಗೋಡೆಗೆ ಆತುಕೊಂಡು ನಿಂತು, “ಏನೂ ಕೊಟ್ಟಿಲ್ಲರಿ” ಎಂದಳು, ತಪ್ಪು ಮಾಡಿದವಳ ಹಾಗೆ. ನಾನು ತರ್ಜುಮೆ ಮಾಡಿದ ಮೇಲೆ ಆ ಮನುಷ್ಯ ಆಕೆಗೆ ಕೈ ಮುಗಿದರು. ಜುಲಾಬಿನ ಔಷಧವನ್ನೋ ಹರಳೆಣ್ಣೆಯನ್ನೋ ಕೊಟ್ಟಿದ್ದರೆ ಹುಡುಗಿ ದಾರಿಯಲ್ಲೇ ಹೋಗುತ್ತಿದ್ದಳಂತೆ.

ಈಗ ತಾವು ಕಳಿಸಿದ ವರದಿಯ ಮೊದಲನೆಯ ಸಾಲು: “ಕುಮಾರಿ ಸುಂದರವ್ವ ಎಂಬ ರೋಗಿಯನ್ನು ಈ ದವಾಖಾನೆಯು ಸಕಾಲದಲ್ಲಿ ಪರೀಕ್ಷಿಸಿ ಮಿರಜಿಗೆ ಕಳುಹಿಸಿದ್ದರಿಂದ ಆಕೆಯ ಪ್ರಾಣ ಉಳಿಯಿತು.” ಎರಡನೆಯ ಸಾಲು: “ಪರವಾನಗಿ ಇಲ್ಲದ ಗುರುಬಾಯಿ ಎಂಬ ಹೆಂಗಸು ಜಾಹೀರನಾಮೆಯನ್ನು ಮೀರಿ ಸದರಿ ರೋಗಿಯನ್ನು ಮುಟ್ಟಿದ್ದರಿಂದ ಆಕೆಯ ಮೇಲೆ ಕ್ರಮ ಜರುಗಿಸಬೇಕು.” ಒಂದೇ ಹೊಟ್ಟೆಯನ್ನು ಮುಟ್ಟದವರಿಗೆ ಕೀರ್ತಿ, ಮುಟ್ಟಿದವಳಿಗೆ ಶಿಕ್ಷೆ. ಟೆನಿಸ್ ಆಡುತ್ತಲೇ ಅಷ್ಟು ದೂರದಿಂದ ಹುಡುಗಿಯ ಕರುಳನ್ನು ಪರೀಕ್ಷಿಸಿದ ತಮ್ಮ ಶಕ್ತಿಗೆ ಯೋಗಿಗಳೂ ತಲೆಬಾಗಬೇಕು. ಆ ಪಂದ್ಯವನ್ನು ತಾವು ಸೋತಿರಂತೆ. ಚಿತ್ತವೆಲ್ಲ ರೋಗಿಯ ಮೇಲಿದ್ದರೆ ಮತ್ತೇನಾದೀತು!

ಆದಕಾರಣ ತಮ್ಮಲ್ಲಿ ನನ್ನ ಕೆಲವು ವಿನಂತಿಗಳಿವೆ. ಜಾಹೀರನಾಮೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ನಾನು ಕೇಳುವುದಿಲ್ಲ, ಏಕೆಂದರೆ ನಿನ್ನೆ ಹಾಡಹಗಲು, ಪಂಚರೆಲ್ಲ ಚಾವಡಿಯಲ್ಲಿ ಕೂತಿರುವಾಗಲೇ, ನಾನು ತಂಬಿಗೆ ನೀರು ಒಯ್ದು ಅದನ್ನು ನೆನೆಸಿ, ಅಜ್ಞಾನವೆಂಬ ಕತ್ತಲೆಯಿಂದ ಹಿಡಿದು ಕೆಳಗಿನ ಮೊಹರಿನವರೆಗೆ ಉಗುರಿನಿಂದ ಕೆರೆದು ತೆಗೆದಿದ್ದೇನೆ. ಸರಕಾರಿ ಕಾಗದ ಹರಿದ ಅಪರಾಧ ನನ್ನದು, ಸಿಪಾಯಿಯನ್ನು ನನ್ನ ಮನೆಗೇ ಕಳಿಸಬೇಕು. ನಾನು ಕೇಳುವುದು ಇಷ್ಟೇ. ತಾವು ಬಾಬೂನಾ ಹೂವಿಗೆ ಒಂದು ನೋಟೀಸು ಕಳಿಸಿ, ಇನ್ನು ಮುಂದೆ ಡಬ್ಬಿಯೊಳಗೆ ಒಂದು ಥರ, ಚೀಲದೊಳಗೆ ಇನ್ನೊಂದು ಥರ ಅರಳತಕ್ಕದ್ದೆಂದೂ, ಒಳಗೆ ಪೊಳ್ಳಿರುವ ತನ್ನ ಗುಟ್ಟನ್ನು ನಿರಕ್ಷರರ ಉಗುರಿಗೆ ತೋರಿಸತಕ್ಕದ್ದಲ್ಲವೆಂದೂ ತಾಕೀತು ಮಾಡಬೇಕು. ಈ ಸಂಸ್ಥಾನದ ಕೂಸುಗಳೆಲ್ಲ ಹೊಟ್ಟೆ ಉಬ್ಬರಿಸುವ ಮೊದಲು ತಮ್ಮ ದವಾಖಾನೆಯ ವೇಳೆಯನ್ನು ವಿಚಾರಿಸಿಕೊಳ್ಳಬೇಕು. ಕರುಳುಗಳು ತಾವು ಊರಲ್ಲಿರುವ ದಿನವಷ್ಟೇ ಕೊಳೆಯಬೇಕು. ಇವು ಆಗದ ಕೆಲಸ ಎನ್ನಿಸಿದರೆ, ಆಗುವಂಥದ್ದು ಒಂದಿದೆ. ಗೂಟಕ್ಕೆ ತೂಗುಹಾಕಿದ ಆ ಅರಿವೆಯ ಚೀಲವನ್ನು ಇಳಿಸಿ, ಅದರೊಡೆಯಳ ಮನೆಗೆ ತಾವೇ ನಡೆದುಹೋಗಿ ಕೊಟ್ಟು ಬರಬೇಕು. ಎರಡು ಓಣಿಯ ದಾರಿ. ಟೆನಿಸ್ ಆಡುವವರಿಗೆ ಕಷ್ಟವಾಗಲಿಕ್ಕಿಲ್ಲ.

ವರದಿಯನ್ನು ಬರೆದುಕೊಡದೆ ಹಿಂದಕ್ಕೆ ಕಳಿಸಿದ್ದೇನೆ. ಇನ್ನ್ಯಾರಿಂದಲಾದರೂ ಬರೆಯಿಸಬಹುದು, ಆದರೆ ಊರಲ್ಲಿ ಒಳ್ಳೆಯ ಅಕ್ಷರದವರೆಲ್ಲ ನನ್ನ ಶಿಷ್ಯರೇ, ಅವರ ಕಿವಿಗಳು ಇನ್ನೂ ನನ್ನ ಕೈಗೆ ಸಿಗುತ್ತವೆ.

ಸರಕಾರದ ಅಕ್ಷರವಾಗಿರಲು ಇನ್ನು ಒಲ್ಲದಿದ್ದರೂ ತಮ್ಮ ಆರೋಗ್ಯಕ್ಕಾಗಿ ಇಂದಿಗೂ ಬೇಡಿಕೊಳ್ಳುವ,
ತಮ್ಮ ವಿಶ್ವಾಸಿ,
ಪಾರಿಸಪ್ಪ, ನಿವೃತ್ತ ಮುಖ್ಯ ಮಾಸ್ತರ

ತಾ.ಕ.: ಈ ಪತ್ರವನ್ನು ಕಳಿಸುವ ಮೊದಲು ಗುರುಬಾಯಿಗೆ ಪೂರ್ತಿ ಓದಿ ಹೇಳಿದೆ. ಆಕೆ ಎಲ್ಲವನ್ನೂ ಕೇಳಿ, ತಮ್ಮನ್ನು ಬೈದದ್ದು ಹೆಚ್ಚಾಯಿತೆಂದು ನನ್ನನ್ನೇ ಬೈದಳು. ಸುಂದರವ್ವ ಗುರುವಾರ ಮಿರಜಿನಿಂದ ಬರುತ್ತಾಳೆ. ಗಾಯವನ್ನು ದಿನಾಲು ತೊಳೆದು ಕಟ್ಟಬೇಕಂತೆ. “ಅದು ನನ್ನ ಕೆಲಸಲ್ಲ, ಡಾಕ್ಟರ್ ಕೆಲಸ. ಅವರ ಕಡೇನ ಕಳಿಸ್ತೇನಿ” ಎಂದಿದ್ದಾಳೆ. ಈ ಸಲ ರೋಗಿಯನ್ನು ಸಕಾಲದಲ್ಲಿ ಕಳಿಸಿದವರ ಹೆಸರನ್ನು ವರದಿಯಲ್ಲಿ ಬರೆಯಲು ತಮಗೆ ಅಡ್ಡಿಯಿರಲಾರದು. ಆಕೆ ತಮಗೆ ಇನ್ನೂ ಒಂದು ಮಾತು ಹೇಳಿಕಳಿಸಿದ್ದಾಳೆ, ಅದನ್ನು ಒಂದಕ್ಷರವೂ ಚೆಂದಗಾಣಿಸದೆ ಇದ್ದ ಹಾಗೇ ಬರೆದಿದ್ದೇನೆ: “ಹುಡಿಗಿ ಬೆದರೇತಿ. ಮುಟ್ಟೂಕಿಂತ ಮೊದಲ ಕೈ ಸ್ವಲ್ಪ ಬೆಚ್ಚಗ ಮಾಡಕೋಳಾಕ ಹೇಳ್ರಿ.”